ಕೊಟ್ಟ ದುಡ್ಡು ಕೇಳಿದರೆ ನಾನೇ ಜಿಪುಣ!

ಮೂರು ತಿಂಗಳಾಯ್ತು. 4,350 ರೂಪಾಯಿ. ಅಷ್ಟು ದುಡ್ಡಿಗೆ ಇಷ್ಟು ರಾಮಾಯಣವಾ ಅಂತ ನೀವೂ ಅನ್ನಬಹುದು, ಅನ್ನಿ. ನನ್ನ ಗೆಳೆಯನೂ ಅದನ್ನೇ ಅಂದ.

ಐದು ಜನ ಸಕಲೇಶಪುರಕ್ಕೆ ಹೋಗಿದ್ದೆವು. ಹೋಂಸ್ಟೇ ಬಾಡಿಗೆ, ಡೀಸೆಲ್, ಕುಣಿಗಲ್ ದಾಟಿ ತಿಂದ ತಿಂಡಿ, ಎಲ್ಲ ನನ್ನ ಕ್ರೆಡಿಟ್ ಕಾರ್ಡಿನಲ್ಲೇ. ಟೋಲ್ ಕೂಡ ನನ್ನ ಫಾಸ್ಟ್ಯಾಗ್‌ನದ್ದೇ. 'ನೀನು ಹಾಕಿರು ಮಗಾ, ಆಮೇಲೆ ಲೆಕ್ಕ ಮಾಡೋಣ.' ಬಂದ ಮೇಲೆ ಲೆಕ್ಕ ಹಾಕಿ ಗ್ರೂಪಿಗೆ ಕಳಿಸಿದೆ. ಮೂವರು ಅದೇ ವಾರ ಕೊಟ್ಟರು. ಇವನು ಮಾತ್ರ 'ಸಂಜೆ ಹಾಕ್ತೀನಿ' ಅಂದ. ಯಾವ ತಿಂಗಳ ಸಂಜೆ ಅಂತ ಅವತ್ತೇ ಕೇಳಬೇಕಿತ್ತು.

ಮೊದಲಾದರೆ ಯುಪಿಐನಲ್ಲಿ ಸುಮ್ನೆ ಒಂದು ರಿಕ್ವೆಸ್ಟ್ ಒತ್ತಿದರೆ ಸಾಕಿತ್ತು. ಬಾಯಿ ಬಿಟ್ಟು ಕೇಳುವ ಮುಜುಗರ ಇರಲಿಲ್ಲ. ಮೋಸ ಜಾಸ್ತಿಯಾಯ್ತು ಅಂತ 2025ರ ಅಕ್ಟೋಬರ್ 1ರಿಂದ ಅದನ್ನೂ ನಿಲ್ಲಿಸಿದರು. ಮೋಸಗಾರರ ಜೊತೆ ನನ್ನಂಥ ಬಾಯಿಸತ್ತವನಿಗೂ ಪೆಟ್ಟು.

ಆ ತಿಂಗಳು ಕಾರ್ಡ್ ಬಿಲ್ ಪೂರ್ತಿ ಕಟ್ಟಲು ಆಗಲಿಲ್ಲ. ನನ್ನ ಕಾರ್ಡಿಗೆ ಬಡ್ಡಿ ತಿಂಗಳಿಗೆ 3.5 ಪರ್ಸೆಂಟ್. ಆ ಬಡ್ಡಿಯ ಮೇಲೆ ಮತ್ತೆ 18 ಪರ್ಸೆಂಟ್ ಜಿಎಸ್‌ಟಿ. ಹಳೇ ಬಾಕಿ ಉಳಿದಿದ್ದರೆ ಹೊಸದಾಗಿ ಉಜ್ಜಿದ್ದಕ್ಕೂ ಅವತ್ತಿನಿಂದಲೇ ಬಡ್ಡಿ. ಅವನು ತಿಂದ ಅಕ್ಕಿ ರೊಟ್ಟಿಗೆ ನಾನು ಬಡ್ಡಿ ಕಟ್ಟುತ್ತಿದ್ದೇನೆ ಸ್ವಾಮಿ! ಅವನ ಸ್ಟೇಟಸ್‌ನಲ್ಲಿ ನೋಡಿದರೆ ಹೊಸ ಶೂ.

ಹೋದ ವಾರ ತಡೆಯಲಾರದೆ ಗ್ರೂಪಲ್ಲೇ ಕೇಳಿದೆ. 'ಏನೋ ಇದು, ಅಷ್ಟಕ್ಕೆ ಹೀಗಾಡ್ತೀಯ' ಅಂದ. ದುಡ್ಡು ಕೊಟ್ಟಿದ್ದ ಮೂವರೂ ಹಲ್ಲು ಕಿರಿಯುವ ಇಮೋಜಿ ಹಾಕಿದರು. ನನಗೆ ಉರಿದದ್ದು ಅದಕ್ಕೇ.

ನಮ್ಮಮ್ಮ ಬೀದಿಯ ಹೆಂಗಸರ ಜೊತೆ ಚೀಟಿ ಹಾಕುತ್ತಾರೆ. ಇಪ್ಪತ್ತು ಜನ, ತಿಂಗಳಿಗೆ 2,000. ಯಾರು ಕೊಟ್ಟರು, ಯಾರದು ಬಾಕಿ ಅಂತ ಉದ್ದ ನೋಟ್‌ಬುಕ್ಕಿನಲ್ಲಿ ಬರೆದು ಎಲ್ಲರೆದುರು ಜೋರಾಗಿ ಓದುತ್ತಾರೆ. 'ಈ ಸಲ ಕಷ್ಟ ಕಣ್ರೀ, ಹತ್ತನೇ ತಾರೀಕಿಗೆ ಕೊಡ್ತೀನಿ' ಅಂತ ಒಬ್ಬರು ಅಂದರೆ, ಸರಿ ಅಂತ ಇನ್ನೊಬ್ಬರು ಕಾಫಿ ಕೊಡುತ್ತಾರೆ. ಯಾರ ಮರ್ಯಾದೆಯೂ ಹೋಗಲಿಲ್ಲ. ನಾವು ಹನ್ನೆರಡು ವರ್ಷದ ಗೆಳೆಯರು. ಬ್ರೇಕಪ್ ಆದಾಗ ಒಬ್ಬರ ಹೆಗಲ ಮೇಲೆ ಒಬ್ಬರು ಅತ್ತಿದ್ದೇವೆ. ಆದರೆ ಅವನ ಸಂಬಳ ಎಷ್ಟು, ಸಾಲ ಎಷ್ಟು, ನನಗೆ ಗೊತ್ತಿಲ್ಲ. ಮದುವೆಮನೆಯಲ್ಲಿ ಸಿಗುವ ಯಾವುದೋ ದೊಡ್ಡಪ್ಪ ಎರಡನೇ ಮಾತಿಗೇ ನನ್ನ ಸಂಬಳ ತಿಳಿದುಕೊಂಡಿರುತ್ತಾರೆ.

ನಾನೇನೂ ಸಾಚಾ ಅಲ್ಲ. ಆ ಹೋಂಸ್ಟೇ ರೇಟು ಕೇಳಿದಾಗಲೇ ಎದೆ ಧಸಕ್ ಅಂದಿತ್ತು. ಕಡಿಮೆದು ನೋಡೋಣ ಕಣ್ರೋ, ಇಎಂಐ ಇದೆ ಅನ್ನಲು ನಾಲಿಗೆ ಏಳಲಿಲ್ಲ. ಅವನಿಗೂ ಹಾಗೇ ಆಗಿತ್ತೋ ಏನೋ. ಶೂನೂ ಇಎಂಐದೇ ಇರಬಹುದು. ಆದರೆ ಬಾಯಿ ಬಿಟ್ಟು ಹೇಳದಿದ್ದರೆ ನನಗೆ ಹೇಗೆ ಗೊತ್ತಾಗಬೇಕು?

ನಾಳೆ ಫೋನ್ ಮಾಡ್ತೀನಿ. ಮೆಸೇಜ್ ಅಲ್ಲ, ಫೋನು. ಇದ್ದರೆ ಕೊಡು, ಇಲ್ಲ ಅಂದರೆ ಇಲ್ಲ ಅನ್ನು. ಅದು ಬಿಟ್ಟು ಇನ್ನೊಂದು ಸಲ 'ಸಂಜೆ' ಅಂದರೆ ಮಾತ್ರ ಸುಮ್ಮನಿರಲ್ಲ.