ಹರಿದ ಹಾಳೆ ಮತ್ತು ‘ಬೇಜಾರು’

ಗಣಿತದ ಪೀರಿಯಡ್ಡಿನಲ್ಲಿ ಒಬ್ಬ ಹುಡುಗ ನೋಟ್‌ಬುಕ್ಕಿನ ಹಾಳೆಯನ್ನು ರಬ್ಬರಿನಲ್ಲಿ ಉಜ್ಜಿ ಉಜ್ಜಿ ತೂತು ಮಾಡಿದ. ಆಮೇಲೆ ಹಾಳೆಯನ್ನೇ ಪರ್ರನೆ ಹರಿದ. 1/2ಕ್ಕೆ 1/3 ಕೂಡಿಸಿ 2/5 ಅಂತ ಬರೆದಿದ್ದ, ನಾನು ಕೆಂಪು ಪೆನ್ನಿನಲ್ಲಿ ತಪ್ಪು ಹಾಕಿದ್ದೆ. ಅದು ಮೂರನೇ ಸಲ. ಹಾಳೆ ಹರಿದದ್ದಕ್ಕೆ ಅವನನ್ನು ಹೊರಗೆ ನಿಲ್ಲಿಸಿದೆ. ತಮಾಷೆ ಏನೆಂದರೆ, ಅದರ ಹಿಂದಿನ ಪೀರಿಯಡ್ಡೇ ಅವರಿಗೆ ‘ಜೀವನ ಕೌಶಲ’. ಕಣ್ಣು ಮುಚ್ಚಿ ಹತ್ತರವರೆಗೆ ಎಣಿಸುವುದು, ಉಸಿರು ಒಳಗೆ, ಉಸಿರು ಹೊರಗೆ, ಎಲ್ಲವೂ ಆಗಿತ್ತು. ಅವನೂ ಚೆನ್ನಾಗಿಯೇ ಮಾಡಿದ್ದನಂತೆ.

ಇದಾಗಿ ತುಂಬ ವರ್ಷವಾಯಿತು. ಆದರೆ ಶಾಲೆಯಲ್ಲಿ ಭಾವನೆಗಳ ಪಾಠ ಬೇಕೋ ಬೇಡವೋ ಎಂಬ ಜಗಳ ಎದ್ದಾಗಲೆಲ್ಲ ನನಗೆ ನೆನಪಾಗುವುದು ಆ ತೂತು ಬಿದ್ದ ಹಾಳೆಯೇ. ಅವನಿಗೆ ಉಸಿರಾಟದ ಪಾಠ ಬೇಕಾಗಿದ್ದದ್ದು ನನ್ನ ಕ್ಲಾಸಿನಲ್ಲಿ, ನನ್ನ ಕೆಂಪು ಗೆರೆಯ ಎದುರಿಗೆ. ಅದು ಸಿಕ್ಕಿದ್ದು ಒಂದು ಗಂಟೆ ಮುಂಚೆ, ಸಿಟ್ಟೇ ಇಲ್ಲದ ಹೊತ್ತಿನಲ್ಲಿ. ದಡದಲ್ಲಿ ಕೈಕಾಲು ಆಡಿಸಿ ಈಜು ಕಲಿತಂತೆ.

ಪಾಠವೇ ಬೇಡ ಅನ್ನುವವರ ಜೊತೆ ನಾನಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 1990ರ ದಶಕದಲ್ಲೇ ಹತ್ತು ಜೀವನ ಕೌಶಲಗಳ ಪಟ್ಟಿ ಕೊಟ್ಟಿತು. ನಿರ್ಧಾರ ಮಾಡುವುದರಿಂದ ಹಿಡಿದು ಒತ್ತಡ ನಿಭಾಯಿಸುವವರೆಗೆ ಎಲ್ಲ ಅದರಲ್ಲಿದೆ. ಪಟ್ಟಿ ಗೋಡೆಗೆ ಅಂಟಿಸಲು ಚೆನ್ನಾಗಿದೆ, ಅಷ್ಟಕ್ಕೇ ಬಿಡೋಣ. ನನ್ನನ್ನು ಹಿಡಿದು ನಿಲ್ಲಿಸಿದ್ದು 2011ರ ಒಂದು ಅಧ್ಯಯನ. ಜೋಸೆಫ್ ಡರ್ಲಾಕ್ ಮತ್ತು ಸಂಗಡಿಗರು 213 ಶಾಲಾ ಕಾರ್ಯಕ್ರಮಗಳ, 2,70,034 ಮಕ್ಕಳ ಫಲಿತಾಂಶಗಳನ್ನು ಒಟ್ಟು ಹಾಕಿ ನೋಡಿದರು. ಭಾವನೆ ನಿಭಾಯಿಸುವುದನ್ನು, ಇತರರ ಜೊತೆ ಹೊಂದಿಕೊಂಡು ಹೋಗುವುದನ್ನು ಕಲಿಸಿದ ಕಡೆ ಮಕ್ಕಳ ಓದಿನ ಸಾಧನೆಯೂ 11 ಪರ್ಸೆಂಟೈಲ್‌ನಷ್ಟು, ಅಂದರೆ ನೂರು ಮಕ್ಕಳ ಸಾಲಿನಲ್ಲಿ ಸುಮಾರು ಹನ್ನೊಂದು ಸ್ಥಾನದಷ್ಟು, ಮೇಲೇರಿತ್ತು. ಈ ಸಂಖ್ಯೆಯನ್ನು ಎಲ್ಲರೂ ಹೇಳುತ್ತಾರೆ. ಹೇಳದೆ ಬಿಡುವುದು ಎರಡನ್ನು. ಆ 213ರಲ್ಲಿ ಓದಿನ ಲೆಕ್ಕ ಸಿಕ್ಕಿದ್ದು ಒಂದು ಸಣ್ಣ ಭಾಗದಲ್ಲಿ ಮಾತ್ರ. ಎರಡನೆಯದು ನನಗೆ ಮುಖ್ಯ: ಪಾಠ ಮಾಡಿದವರು ಆ ಶಾಲೆಯವರೇ ಆಗಿದ್ದಾಗ ಮಾತ್ರ ಓದಿನಲ್ಲಿ ಗಟ್ಟಿಯಾದ ಸುಧಾರಣೆ ಕಂಡಿತ್ತು. ಹೊರಗಿಂದ ಬಂದವರು ಪಾಠ ಮಾಡಿದಾಗ ಅದು ಕಾಣಲಿಲ್ಲ.

ಅಂದರೆ ಕೆಂಪು ಪೆನ್ನು ಯಾರ ಕೈಯಲ್ಲಿದೆಯೋ ಅವರೇ ಇದನ್ನೂ ಕಲಿಸಬೇಕು.

ಇನ್ನೊಂದು ಕಡೆಯ ಸುದ್ದಿಯನ್ನೂ ಮುಚ್ಚಿಡಬಾರದು. ಬ್ರಿಟನ್ನಿನಲ್ಲಿ ಮಿರಿಯಡ್ ಎಂಬ ದೊಡ್ಡ ಪ್ರಯೋಗ ನಡೆಯಿತು. 85 ಶಾಲೆಗಳು, 11ರಿಂದ 14 ವಯಸ್ಸಿನ ಎಂಟು ಸಾವಿರಕ್ಕೂ ಹೆಚ್ಚು ಮಕ್ಕಳು. ಅರ್ಧ ಶಾಲೆಗಳಲ್ಲಿ ಮೈಂಡ್‌ಫುಲ್‌ನೆಸ್ ಪಾಠ (ಉಸಿರಿನ ಮೇಲೆ, ಈ ಕ್ಷಣದ ಮೇಲೆ ಗಮನವಿಡುವ ಅಭ್ಯಾಸ), ಉಳಿದವುಗಳಲ್ಲಿ ಎಂದಿನ ಪಾಠ. 2022ರಲ್ಲಿ ಫಲಿತಾಂಶ ಬಂದಾಗ ಮಕ್ಕಳ ಮನಸ್ಸಿನ ಆರೋಗ್ಯದಲ್ಲಿ ಎರಡಕ್ಕೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ಬಹಳಷ್ಟು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ. ನನಗೆ ಆಶ್ಚರ್ಯವೇನೂ ಆಗಲಿಲ್ಲ. ಮಗ್ಗಿಯನ್ನೇ ಮನೆಯಲ್ಲಿ ಹೇಳದ ಮಕ್ಕಳು ಉಸಿರು ಎಣಿಸುತ್ತಾರೆಯೇ?

ಈಗ ನಮ್ಮ ಹಳೆಯ ವಿಧಾನಕ್ಕೆ ಬನ್ನಿ. ‘ಕೈಕಟ್, ಬಾಯ್ಮುಚ್.’ ನಾನೂ ಹೇಳಿದ್ದೇನೆ, ಎಷ್ಟೋ ಸಾವಿರ ಸಲ. ಕ್ಲಾಸು ಶಾಂತವಾಯಿತು ಅಂತ ನಾವು ಅಂದುಕೊಳ್ಳುತ್ತೇವೆ. ಆದದ್ದು ಇಷ್ಟೇ, ಮುಖದ ಮೇಲಿದ್ದದ್ದು ಒಳಗೆ ಹೋಯಿತು. ಜೇನ್ ರಿಚರ್ಡ್ಸ್ ಮತ್ತು ಜೇಮ್ಸ್ ಗ್ರಾಸ್ ಎಂಬ ಮನಶ್ಶಾಸ್ತ್ರಜ್ಞರು 2000ದಲ್ಲಿ ಕೆಲವು ಪ್ರಯೋಗಗಳನ್ನು ಪ್ರಕಟಿಸಿದರು. ಮನಸ್ಸು ಕಲಕುವಂಥ ದೃಶ್ಯ ನೋಡುವಾಗ ಮುಖದಲ್ಲಿ ಏನನ್ನೂ ತೋರಿಸಬೇಡಿ ಎಂದು ಹೇಳಿಸಿಕೊಂಡವರಿಗೆ ಆ ಹೊತ್ತಿನಲ್ಲಿ ಕೇಳಿದ ವಿವರಗಳು ಉಳಿದವರಿಗಿಂತ ಕಡಿಮೆ ನೆನಪಿದ್ದವು. ಅವರೆಲ್ಲ ದೊಡ್ಡವರು, ಚಿಕ್ಕ ಮಕ್ಕಳಲ್ಲ. ಆದರೂ ಓದಿದ ದಿನ ನನಗೆ ಚುರುಕ್ಕೆಂದಿತು. ಅಳು ನುಂಗಿಕೊಂಡು ಕೂತ ಮಗುವಿಗೆ ‘ನಾನು ಈಗ ಹೇಳಿದ್ದೇನು, ಹೇಳು ನೋಡೋಣ’ ಅಂತ ಕೇಳಿ, ಅದು ತಡವರಿಸಿದಾಗ ‘ಗಮನ ಎಲ್ಲಿತ್ತು?’ ಅಂತ ಮತ್ತೆ ಬೈದಿದ್ದೇನಲ್ಲ. ಗಮನವೆಲ್ಲ ಅಳು ತಡೆಯುವುದಕ್ಕೇ ಖರ್ಚಾಗಿತ್ತು.

ಗಣಿತದ ಭಯವೂ ಹಾಗೆಯೇ. ಲೆಕ್ಕ ಮಾಡುವಾಗ ಕೈಗೆ ಬಂದ ದಶಕವನ್ನು ಮನಸ್ಸಿನಲ್ಲಿ ಹಿಡಿದಿಟ್ಟುಕೊಳ್ಳಬೇಕು. ಅಲ್ಲಿರುವ ಜಾಗವೇ ಚಿಕ್ಕದು. ‘ತಪ್ಪಾದರೆ ಎಲ್ಲರೂ ನಗುತ್ತಾರೆ’ ಎಂಬ ದಿಗಿಲು ಅಲ್ಲೇ ಬಂದು ಕೂತರೆ ದಶಕ ಎಲ್ಲಿ ಕೂರಬೇಕು? ಹಾಗಾಗಿ ಭಾವನೆ ಬೇರೆ, ಓದು ಬೇರೆ ಎಂಬ ವಿಂಗಡಣೆ ಟೈಮ್‌ಟೇಬಲ್ಲಿನಲ್ಲಿ ಮಾತ್ರ ಇದೆ.

ನಾನು ಏನು ಮಾಡುತ್ತೇನೆ ಅಂತ ಕೇಳಿದರೆ, ದೊಡ್ಡದೇನೂ ಇಲ್ಲ. ಮೊದಲು ಕೈಹಾಕಿದ್ದು ಒಂದು ಪದಕ್ಕೆ. ಯಾವ ಮಗುವನ್ನಾದರೂ ‘ಏನಾಯ್ತು?’ ಅಂತ ಕೇಳಿ ನೋಡಿ. ‘ಬೇಜಾರು ಮಿಸ್.’ ಗೆಳತಿ ಮಾತು ಬಿಟ್ಟರೆ ಬೇಜಾರು. ಪಾಠ ರುಚಿಸದಿದ್ದರೆ ಬೇಜಾರು. ನಿದ್ದೆಗೆಟ್ಟಿದ್ದರೆ ಬೇಜಾರು, ಅಜ್ಜಿಗೆ ಹುಷಾರಿಲ್ಲದಿದ್ದರೂ ಬೇಜಾರು. ನಮ್ಮ ಭಾಷೆಯಲ್ಲೇನು ಪದಗಳಿಗೆ ಬರವೇ? ಸಿಟ್ಟು ಬೇರೆ, ಮುನಿಸು ಬೇರೆ, ಸೆಡವು ಬೇರೆ. ಮುನಿಸಿಗೆ ಯಾರಾದರೂ ಬಂದು ರಮಿಸಲಿ ಎಂಬ ಆಸೆಯಿದೆ, ಸಿಟ್ಟಿಗೆ ಅದಿಲ್ಲ. ಮುಜುಗರ, ಕಸಿವಿಸಿ, ಅಳುಕು, ಗಾಬರಿ, ಹೊಟ್ಟೆಕಿಚ್ಚು, ಪೆಚ್ಚು. ಇವನ್ನೆಲ್ಲ ಬೋರ್ಡಿನ ಮೂಲೆಯಲ್ಲಿ ಬರೆದಿಟ್ಟಿದ್ದೇವೆ. ‘ಬೇಜಾರು’ ಅಂದರೆ ‘ಯಾವ ಬೇಜಾರು?’ ಅಂತ ಕೇಳುತ್ತೇನೆ. ಮಗು ಬೋರ್ಡು ನೋಡಿ ಹುಡುಕುತ್ತದೆ. ಹುಡುಕುವ ಆ ಅರ್ಧ ನಿಮಿಷದಲ್ಲೇ ಒಂದಿಷ್ಟು ಇಳಿದಿರುತ್ತದೆ. ಭಾವನೆಗೆ ಹೆಸರಿಟ್ಟಾಗ ಮಿದುಳಿನಲ್ಲಿ ಭಯದಂಥ ಭಾವನೆಗಳಿಗೆ ಸ್ಪಂದಿಸುವ ಅಮಿಗ್ಡಲಾ ಎಂಬ ಭಾಗದ ಚಟುವಟಿಕೆ ತಗ್ಗುವುದನ್ನು ಮ್ಯಾಥ್ಯೂ ಲೀಬರ್‌ಮನ್ ತಂಡ 2007ರಲ್ಲಿ ಸ್ಕ್ಯಾನ್ ಮಾಡಿ ತೋರಿಸಿದೆ. ನನಗೆ ಸ್ಕ್ಯಾನ್ ಬೇಕಾಗಲಿಲ್ಲ. ಹುಬ್ಬಿನ ಗಂಟು ಸಡಿಲವಾಗುವುದು ಕಣ್ಣಿಗೇ ಕಾಣುತ್ತದೆ.

ಇನ್ನೊಂದು, ಟೆಸ್ಟಿನ ದಿನದ್ದು. ಪ್ರಶ್ನೆಪತ್ರಿಕೆ ಕೊಡುವ ಮುಂಚೆ ಎದೆಯೊಳಗೆ ಏನು ಪುಕುಪುಕು ಅನ್ನುತ್ತಿದೆಯೋ ಅದನ್ನು ಒಂದು ರಫ್ ಹಾಳೆಯಲ್ಲಿ ಬರೆಯಲು ಹೇಳುತ್ತೇನೆ. ಇದು ನನ್ನ ತಲೆಯಿಂದ ಬಂದದ್ದಲ್ಲ. ಪರೀಕ್ಷೆಗೆ ಮುಂಚೆ ಹತ್ತು ನಿಮಿಷ ತಮ್ಮ ಆತಂಕವನ್ನು ಬರೆದ, ಪರೀಕ್ಷೆಗೆ ಹೆದರುವ ಮಕ್ಕಳ ಅಂಕ ಸುಧಾರಿಸಿದ್ದನ್ನು ಹೆರಾರ್ಡೊ ರಾಮಿರೆಜ್ ಮತ್ತು ಸಿಯಾನ್ ಬೈಲಾಕ್ 2011ರಲ್ಲಿ ಪ್ರಕಟಿಸಿದ್ದರು. ನನಗೆ ಹತ್ತು ನಿಮಿಷ ಸಿಗುವುದಿಲ್ಲ, ಐದು ಕೊಡುತ್ತೇನೆ. ಬರೆದದ್ದನ್ನು ನಾನು ಓದುವುದಿಲ್ಲ. ಅವರೇ ಹರಿದು ಬುಟ್ಟಿಗೆ ಹಾಕುತ್ತಾರೆ. ಹೌದು, ನನ್ನ ಕ್ಲಾಸಿನಲ್ಲಿ ಈಗ ಹಾಳೆ ಹರಿಯಲು ಅನುಮತಿ ಇದೆ.

ತಪ್ಪು ಉತ್ತರಕ್ಕೆ ಅಡ್ಡಗೆರೆ ಎಳೆಯುವುದನ್ನು ಬಿಟ್ಟು ‘ಎಲ್ಲಿಯವರೆಗೆ ಸರಿಯಿದೆ?’ ಎಂದು ಕೇಳುವುದನ್ನೂ ಕಲಿತೆ. 2/5 ಅಂತ ಬರೆದವನು ‘ಎರಡನ್ನೂ ಕೂಡಿಸಬೇಕು’ ಎಂಬುದನ್ನು ಸರಿಯಾಗಿಯೇ ಹಿಡಿದಿದ್ದ. ತುಂಡುಗಳು ಒಂದೇ ಅಳತೆಯವಾಗಿರಬೇಕು ಎಂಬಲ್ಲಿ ಎಡವಿದ್ದ. ಅರ್ಧಕ್ಕೆ ಇನ್ನಷ್ಟು ಸೇರಿಸಿದರೆ ಅರ್ಧಕ್ಕಿಂತ ಕಡಿಮೆ ಹೇಗಾದೀತು ಅಂತ ಅವತ್ತೇ ಕೇಳಿದ್ದರೆ ಅವನೇ ನಕ್ಕು ತಿದ್ದಿಕೊಳ್ಳುತ್ತಿದ್ದನೇನೋ.

‘ಇದೆಲ್ಲ ಮಾಡುತ್ತಾ ಕೂತರೆ ಪೋರ್ಷನ್ ಯಾವಾಗ ಮುಗಿಸುತ್ತೀರಿ?’ ಸ್ಟಾಫ್ ರೂಮಿನಲ್ಲಿ ಈ ಮಾತು ಬಂದೇ ಬರುತ್ತದೆ. ನ್ಯಾಯವಾದ ಮಾತೇ. ಆದರೆ ‘ಸುಮ್ನಿರಿ’ ಅಂತ ಕೂಗುವುದಕ್ಕೆ ಹೋಗುವ ನಿಮಿಷಗಳನ್ನು ಯಾರೂ ಎಣಿಸುವುದಿಲ್ಲವಲ್ಲ. ಮನೆಯಲ್ಲಿ ಹೊಡೆತ ತಿಂದು ಬಂದ ಮಗುವಿಗೆ ಉಸಿರು ಎಣಿಸು ಅನ್ನುವುದನ್ನು ಮಾತ್ರ ನಾನು ಖಂಡಿತ ಒಪ್ಪುವುದಿಲ್ಲ. ಅದು ಮಗುವಿನ ಕೌಶಲದ ಪ್ರಶ್ನೆಯೇ ಅಲ್ಲ. ದೊಡ್ಡವರು ಎದ್ದು ಹೋಗಿ ಏನಾದರೂ ಮಾಡಬೇಕಾದ ಪ್ರಶ್ನೆ.

ಮತ್ತೆ ನನ್ನ ಸಿಟ್ಟು? ಸಿಟ್ಟಿನಲ್ಲಿ ಕೊಯ್ದ ಮೂಗಿನ ಗಾದೆಯನ್ನು ಮಕ್ಕಳಿಂದ ಬಾಯಿಪಾಠ ಮಾಡಿಸಿದವಳಿಗೇ ಮೂಗಿನ ತುದಿಯಲ್ಲಿ ಕೋಪ. ಹೋದ ವಾರ ಬೋರ್ಡಿನ ಮೇಲೆ ಒಂದು ಸಮೀಕರಣ ಬಿಡಿಸುತ್ತಿದ್ದೆ, ಉತ್ತರ ತಾಳೆಯಾಗಲಿಲ್ಲ. ಹಿಂದಿನ ಬೆಂಚಿನಲ್ಲಿ ಯಾರೋ ಕಿಸಕ್ಕನೆ ನಕ್ಕರು. ನಾನು ತಿರುಗಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಬೆಂಚಿನ ಹುಡುಗಿ ಬೋರ್ಡಿನ ಮೂಲೆ ತೋರಿಸಿ ‘ಯಾವುದು ಮಿಸ್?’ ಅಂದಳು.

ಓದಿ ನೋಡಿದೆ. ‘ಮುಜುಗರ’ ಅಂದೆ.

ಅವಳು ಎದ್ದು ಬಂದು ಚಾಕ್‌ಪೀಸ್ ತಗೊಂಡಳು. ಮೂರನೇ ಸಾಲಿನಲ್ಲಿ ನಾನು ಮೈನಸ್ ಚಿಹ್ನೆ ಬಿಟ್ಟಿದ್ದೆ.