ಮೂಗಿಗೆ ತುಪ್ಪ, ಅದೂ ಶೇ 125

ನಿನ್ನೆ ರಾತ್ರಿ ಇಲ್ಲಿನ ಕನ್ನಡ ಬಳಗದ ವಾಟ್ಸ್‌ಆ್ಯಪ್ ಗುಂಪಲ್ಲಿ ಒಂದು ಸಂದೇಶ ಬಂತು. ಫ್ಲೋರಿಡಾದಿಂದ ಹೊರಡಬೇಕಿದ್ದ ಹಡಗು ರಿಪೇರಿಗೆ ಹೋಯ್ತಂತೆ, ಕ್ರೂಸ್ ಕ್ಯಾನ್ಸಲ್. ಬರೆದವರು ಮಾತ್ರ ಮದುವೆಮನೆ ಸಂಭ್ರಮದಲ್ಲಿದ್ದಾರೆ. "ದುಡ್ಡು ವಾಪಸ್ ಬೇಡ ಅಂದ್ವಿ, ಮುಂದಿನ ಕ್ರೂಸಿಗೆ ಬಳಸೋಕೆ ಶೇ 125 ಕ್ರೆಡಿಟ್ ಸಿಕ್ತು, ಆರೂ ಜನಕ್ಕೆ!" ಕೆಳಗೆ ಸಾಲಾಗಿ ಚಪ್ಪಾಳೆ. ಆ ಆರು ಜನರಲ್ಲಿ ಇಬ್ಬರು ಮೈಸೂರಿಂದ ಬಂದಿರೋ ಅಪ್ಪ-ಅಮ್ಮ. ಮುಂದಿನ ತಿಂಗಳು ಊರಿಗೆ ಹೊರಟಿದ್ದಾರೆ.

ಗುಂಪಲ್ಲಿ ಬಾಯಿ ಮುಚ್ಕೊಂಡಿದ್ದೆ. ಇಲ್ಲಿ ಮುಚ್ಚಲ್ಲ. ಬುಕಿಂಗ್, ರೀಫಂಡ್ ಅಂತ ಎಷ್ಟು ವರ್ಷದಿಂದ ತಲೆ ಕೆಡಿಸ್ಕೊಂಡಿದೀನಿ ಅಂತ ನಿಮಗೆಲ್ಲ ಗೊತ್ತು, ಪೀಠಿಕೆ ಬೇಡ.

ಕ್ರೆಡಿಟ್ ಅನ್ನೋದು ದುಡ್ಡಲ್ಲ ಸ್ವಾಮಿ. ನೀವು ಕಂಪನಿಗೆ ಕೊಟ್ಟಿರೋ ಕೈಸಾಲ ಅದು. ಪತ್ರ ಇಲ್ಲ, ಅಡಮಾನ ಇಲ್ಲ, ವಾಪಸ್ ಯಾವಾಗ, ಯಾವ ರೂಪದಲ್ಲಿ ಅಂತ ಹೇಳೋದೂ ಸಾಲ ತಗೊಂಡವನೇ.

ಮೊದಲು ಆ 125ರ ಲೆಕ್ಕ ನೋಡಿ. ಉದಾಹರಣೆಗೆ ಇಬ್ಬರ ಬುಕಿಂಗ್. ಕ್ರೂಸ್‌ನ ಮೂಲ ದರ 1,600 ಡಾಲರ್. ತೆರಿಗೆ, ಬಂದರು ಶುಲ್ಕ 260. ಡ್ರಿಂಕ್ಸ್ ಪ್ಯಾಕೇಜು, ವೈಫೈ, ದಡದ ಸುತ್ತಾಟ ಸೇರಿ 500. ಮೊದಲೇ ಕಟ್ಟಿದ ಟಿಪ್ಸ್ 250. ಒಟ್ಟು 2,610. ಜನ ಇದಕ್ಕೇ ಶೇ 125 ಹಾಕಿ 3,262 ಅಂತ ಮನಸ್ಸಲ್ಲೇ ಮಂಡಿಗೆ ತಿಂತಾರೆ. ಆದರೆ ಸಾಮಾನ್ಯವಾಗಿ ಆ ಮೇಲಿನ ಶೇ 25ರ ಬೋನಸ್ ಲೆಕ್ಕ ಆಗೋದು ಮೂಲ ದರದ ಮೇಲೆ ಮಾತ್ರ. ಅಂದ್ರೆ ಸಿಗೋ ಕ್ರೆಡಿಟ್ 2,000. ಉಳಿದ 1,010 ಡಾಲರ್ ಕಾರ್ಡಿಗೆ ವಾಪಸ್ ಬರಬೇಕು, ಅದೂ ಒಂದೇ ಕಂತಲ್ಲಿ ಬರಲ್ಲ. ತೆರಿಗೆ ಒಂದಿನ, ಪ್ಯಾಕೇಜು ಇನ್ನೊಂದಿನ, ಸುತ್ತಾಟದ ದುಡ್ಡು ಮತ್ಯಾವತ್ತೋ. ಒಂದೆರಡು ಕಂತು ಬಂದ ಕೂಡಲೇ "ಬಂತು ಬಿಡು" ಅಂತ ನಾವು ಮರೆತುಬಿಡ್ತೀವಿ. ಬಾಕಿ ಉಳಿಯೋದು ಅಲ್ಲೇ.

ಈಗ ಆ 2,000 ಖರ್ಚು ಮಾಡೋಕೆ ಹೋಗಿ. ಅದು ಇಬ್ಬರ ಹೆಸರಲ್ಲಿ ತಲಾ 1,000ದ ಎರಡು ಬೇರೆ ಬೇರೆ ಸರ್ಟಿಫಿಕೇಟು. ಹೊಸ ಕ್ರೂಸ್‌ಗೆ "ಎರಡನೆಯವರಿಗೆ ಅರ್ಧ ದರ" ಆಫರ್ ಇದೆ ಅಂದ್ಕೊಳ್ಳಿ. ಮೊದಲನೆಯವರಿಗೆ 1,200, ಎರಡನೆಯವರಿಗೆ 600, ಒಟ್ಟು 1,800. ಕೈಲಿ 2,000 ಇದೆ, ಸಾಲದೇ? ಸಾಲಲ್ಲ. ಮೊದಲನೆಯವರ 1,000 ಮುಗಿದು ಮೇಲೆ 200 ಕಾರ್ಡಿಂದ ಕಟ್ಟಬೇಕು. ಎರಡನೆಯವರ ಹೆಸರಲ್ಲಿ 400 ಉಳಿಯುತ್ತೆ. ಒಂದೇ ಕ್ಯಾಬಿನ್ನಲ್ಲಿ ಮಲಗೋ ಗಂಡ-ಹೆಂಡತಿ ನಡುವೆ ಇದನ್ನ ಹಂಚೋಕೆ ಕೆಲವು ಕಂಪನಿ ಬಿಡುತ್ತವೆ, ಕೆಲವು ಬಿಡಲ್ಲ. ಉಳಿದ 400ಕ್ಕೆ ಹೊಸ ಸರ್ಟಿಫಿಕೇಟು ಕೊಡೋರೂ ಇದ್ದಾರೆ, "ಒಂದೇ ಸಲಕ್ಕೆ ಬಳಸಿ, ಮಿಕ್ಕಿದ್ದು ಹೋಯ್ತು" ಅನ್ನೋರೂ ಇದ್ದಾರೆ. ಹೊಸ ಬುಕಿಂಗಿನ ತೆರಿಗೆ, ಟಿಪ್ಸ್, ಹಡಗಿನ ಮೇಲಿನ ಖರ್ಚಿಗೆ ಸಾಮಾನ್ಯವಾಗಿ ಕ್ರೆಡಿಟ್ ನಡೆಯಲ್ಲ. ಅದಕ್ಕೆ ಮತ್ತೆ ಜೇಬಿಗೇ ಕೈ. ಇನ್ನು ಹಿಂದಿನ ಸಲ 1,600 ಇದ್ದ ಅದೇ ಕ್ರೂಸ್ ಈ ಸಲ 2,000 ಆಗಿದ್ರೆ ಬೋನಸ್ ಎಲ್ಲಿ ಹೋಯ್ತು ಅಂತ ನೀವೇ ಹುಡುಕಿಕೊಳ್ಳಿ.

ಮೂಗಿಗೆ ತುಪ್ಪ ಸವರೋದು ಅಂದ್ರೆ ಇದೇ. ವಾಸನೆ ಬರುತ್ತೆ, ನಾಲಿಗೆಗೆ ಎಟುಕಲ್ಲ.

ಮೈಸೂರಿನ ಅಪ್ಪ-ಅಮ್ಮನ ವಿಷಯಕ್ಕೆ ಬರ್ತೀನಿ. ಅವರ ಹೆಸರಿನ ಸರ್ಟಿಫಿಕೇಟು ಸಾಮಾನ್ಯವಾಗಿ ಮಗನಿಗೆ ವರ್ಗ ಆಗಲ್ಲ. ಅದರ ಮೇಲೆ ಎರಡು ದಿನಾಂಕ ಇರಬಹುದು. ಇಷ್ಟರೊಳಗೆ ಬುಕ್ ಮಾಡಿ ಅನ್ನೋದು ಒಂದು, ಇಷ್ಟರೊಳಗೆ ಹಡಗು ಹತ್ತಿ ಅನ್ನೋದು ಇನ್ನೊಂದು. ಇದನ್ನ ಕಲಸಿಕೊಂಡು ಕ್ರೆಡಿಟ್ ಕಳಕೊಂಡೋರು ಲೆಕ್ಕವಿಲ್ಲದಷ್ಟು. ವಿಸಿಟರ್ ವೀಸಾದಲ್ಲಿ ಬಂದ ಹಿರಿಯರು ಆ ಅವಧಿಯೊಳಗೆ ಮತ್ತೆ ಹದಿನೆಂಟು ಗಂಟೆ ವಿಮಾನದಲ್ಲಿ ಕಾಲು ಊದಿಸ್ಕೊಂಡು ಬರ್ತಾರಾ? ಬಂದ್ರೂ ಹೆಸರು ಹೊಂದಬೇಕು. ಪಾಸ್‌ಪೋರ್ಟಲ್ಲಿ ಒಂದೇ ಹೆಸರಿರೋರು, ಇನಿಶಿಯಲ್ಲನ್ನು ಒಮ್ಮೆ ಬಿಡಿಸಿ ಒಮ್ಮೆ ಬಿಡಿಸದೆ ಬರೆಯೋರು ನಮ್ಮಲ್ಲೇ ಜಾಸ್ತಿ. ಹಳೇ ಬುಕಿಂಗಲ್ಲಿ ಒಂದು ತರ, ಹೊಸದರಲ್ಲಿ ಇನ್ನೊಂದು ತರ ಇದ್ರೆ ವೆಬ್‌ಸೈಟು ಕ್ರೆಡಿಟ್ಟೇ ಇಲ್ಲ ಅನ್ನುತ್ತೆ. ಆಮೇಲೆ ಫೋನು, ಹೋಲ್ಡ್ ಮ್ಯೂಸಿಕ್ಕು. ಬೇರೆ ಏನೂ ಮಾಡಬೇಡಿ, ಊರಿಗೆ ಹೊರಡೋರ ಪಾಲಿಗೆ ಮಾತ್ರ ಕಣ್ಮುಚ್ಚಿ ನಗದು ಕೇಳಿ. ಒಂದೇ ಬುಕಿಂಗಲ್ಲಿ ಕೆಲವರಿಗೆ ನಗದು, ಕೆಲವರಿಗೆ ಕ್ರೆಡಿಟ್ ಆಗುತ್ತಾ ಅಂತ ಆಯ್ಕೆ ಒತ್ತೋ ಮೊದಲೇ ಫೋನ್ ಮಾಡಿ ವಿಚಾರಿಸಿ. ಒತ್ತಿದ ಮೇಲೆ ಬದಲಾಯಿಸೋದು ಬಹಳ ಕಷ್ಟ.

ಆ ಆಯ್ಕೆಯನ್ನ ಇಡೋ ರೀತಿ ನೋಡಿದ್ರೂ ಮೈ ಉರಿಯುತ್ತೆ. 2020ರಲ್ಲಿ ಹಡಗುಗಳೆಲ್ಲ ನಿಂತಾಗ ಎಷ್ಟೋ ಕಂಪನಿಗಳು ಮಾಡಿದ್ದು ಇದನ್ನೇ. ಸುಮ್ಮನಿದ್ರೆ ತಾನಾಗೇ ಕ್ರೆಡಿಟ್. ನಗದು ಬೇಕಂದ್ರೆ ಮಾತ್ರ ಫಾರ್ಮ್ ತುಂಬಬೇಕು, ಗಡುವಿನೊಳಗೆ. ಇಮೇಲಲ್ಲಿ ಕ್ರೆಡಿಟ್ ಬಣ್ಣದ ದೊಡ್ಡ ಗುಂಡಿ, ನಗದಿನ ಕೊಂಡಿ ಕೆಳಗೆಲ್ಲೋ ಸಣ್ಣಕ್ಷರದಲ್ಲಿ. ನಗದು ಕೇಳಿದವರು ತಿಂಗಳುಗಟ್ಟಲೆ ಕಾದರು.

"ಎಲ್ರೂ ನಗದು ಕೇಳಿದ್ರೆ ಕಂಪನಿ ಮುಳುಗುತ್ತಿರಲಿಲ್ವಾ, ಸ್ವಲ್ಪ ಮಾನವೀಯತೆ ಇರಲಿ" ಅಂತ ಈಗ ಯಾರೋ ಕಾಮೆಂಟ್ ಟೈಪ್ ಮಾಡ್ತಿರ್ತಾರೆ. ಇರಲಿ. 2020ರ ಏಪ್ರಿಲಲ್ಲಿ ಕಾರ್ನಿವಲ್ ಕ್ರೂಸ್ ಕಂಪನಿ ಬಾಂಡ್ ಮಾರಿ 400 ಕೋಟಿ ಡಾಲರ್ ಎತ್ತಿತು. ಬಡ್ಡಿ ಶೇ 11.5, ಜೊತೆಗೆ ಹಡಗುಗಳನ್ನೇ ಅಡವಿಟ್ಟಿತು. ಬಂಡವಾಳದಾರ ಸಾಲ ಕೊಟ್ಟರೆ ಅವನಿಗೆ ಅಡಮಾನವೂ ಇದೆ, ನಗದಲ್ಲಿ ಬಡ್ಡಿಯೂ ಇದೆ. ನೀವು ಸಾಲ ಕೊಟ್ಟರೆ ಕೂಪನ್ನು. ಮಾನವೀಯತೆ ನಮ್ಮ ಕಡೆಯಿಂದ ಮಾತ್ರ ಯಾಕಿರಬೇಕು?

ಮುಳುಗೋ ಕಂಪನಿ ಮುಳುಗೇ ಮುಳುಗುತ್ತೆ. 2022ರ ಜನವರಿಯಲ್ಲಿ ಗೆಂಟಿಂಗ್ ಹಾಂಗ್‌ಕಾಂಗ್ ಅನ್ನೋ ಕ್ರೂಸ್ ಕಂಪನಿ ಕುಸಿದಾಗ ಅದರ ಕ್ರಿಸ್ಟಲ್ ಸಿಂಫನಿ ಹಡಗು ಮಯಾಮಿಗೆ ಬರಬೇಕಿತ್ತು. ಇಂಧನದ ಬಾಕಿಗಾಗಿ ಅಮೆರಿಕದ ಕೋರ್ಟು ಹಡಗನ್ನೇ ಜಪ್ತಿ ಮಾಡೋ ವಾರಂಟ್ ಹೊರಡಿಸಿತ್ತು. ಹಡಗು ಪ್ರಯಾಣಿಕರ ಸಮೇತ ಬಹಾಮಾಸ್‌ನ ಬಿಮಿನಿಗೆ ತಿರುಗಿತು. ನಮ್ಮಲ್ಲೂ ಆಗಿದೆ. 2019ರಲ್ಲಿ ಮುಂಬೈಯಿಂದ ಶುರುವಾದ ಜಲೇಶ್ ಕ್ರೂಸಸ್ 2020ರಲ್ಲೇ ಬಾಗಿಲು ಹಾಕಿತು, ಅದರ ಕರ್ಣಿಕಾ ಹಡಗು ಗುಜರಾತಿನ ಅಲಂಗ್‌ನಲ್ಲಿ ಗುಜರಿಗೆ ಹೋಯ್ತು. ಹಡಗೇ ಗುಜರಿಗೆ ಹೋದ ಮೇಲೆ ಅದರ ಹೆಸರಿನ ಕ್ರೆಡಿಟ್ಟು ಎಷ್ಟಕ್ಕೆ ತೂಗುತ್ತೆ?

ಸರಿ, ಬೈದಿದ್ದು ಸಾಕು. ನಗದು ತಗೊಳ್ಳೋದು ಹೇಗೆ ಅಂತ ಹೇಳ್ತೀನಿ.

ರದ್ದಾದ ಇಮೇಲ್ ಬಂದ ದಿನವೇ ಕಾರ್ಡ್ ಸ್ಟೇಟ್‌ಮೆಂಟ್ ತೆಗೆದು ಪ್ರತಿ ಪಾವತಿಯನ್ನೂ ಒಂದು ಹಾಳೆಯಲ್ಲಿ ಬರೀರಿ. ತಾರೀಖು, ಮೊತ್ತ, ಯಾವುದಕ್ಕೆ, ಯಾವ ಕಾರ್ಡಿನ ಕೊನೆ ನಾಲ್ಕಂಕಿ. ಡೆಪಾಸಿಟ್ಟು ಒಂದು ಕಾರ್ಡಿಂದ, ಕೊನೇ ಕಂತು ಇನ್ನೊಂದರಿಂದ ಕಟ್ಟಿರ್ತೀರಿ. ವಾಪಸ್ಸೂ ಹಾಗೇ ಬರುತ್ತೆ. ಕಾರ್ಡಿನ ಅವಧಿ ಮುಗಿದು ಅದೇ ಖಾತೆಗೆ ಹೊಸ ಕಾರ್ಡ್ ಬಂದಿದ್ರೆ ಸಾಮಾನ್ಯವಾಗಿ ತೊಂದರೆ ಇಲ್ಲ. ಖಾತೆಯನ್ನೇ ಮುಚ್ಚಿದ್ರೆ ಈಗಲೇ ಬ್ಯಾಂಕಿಗೂ ಕಂಪನಿಗೂ ತಿಳಿಸಿ. ಸ್ಟೇಟ್‌ಮೆಂಟಲ್ಲಿ ಯಾರ ಹೆಸರಿದೆ ಅನ್ನೋದನ್ನಂತೂ ಬಿಡದೆ ನೋಡಿ. ಏಜೆಂಟ್ ಹೆಸರಿದ್ರೆ ದುಡ್ಡು ಬರಬೇಕಾದ್ದು ಏಜೆಂಟಿಂದ. ಹಡಗು ಕಂಪನಿ ನಿಮ್ಮ ಜೊತೆ ಮಾತೇ ಆಡಲ್ಲ, "ಏಜೆಂಟನ್ನ ಕೇಳಿ" ಅನ್ನುತ್ತೆ, ಏಜೆಂಟು "ಕಂಪನಿಯಿಂದ ಇನ್ನೂ ಬಂದಿಲ್ಲ" ಅಂತಾನೆ. ಇಬ್ಬರಿಂದಲೂ ಆ ಮಾತನ್ನ ಇಮೇಲಲ್ಲಿ ಬರೆಸ್ಕೊಳ್ಳಿ. ಫೋನಲ್ಲಿ ಹೇಳಿದ್ದು ಗಾಳಿಗೆ ಹೋದ ಹಾಗೆ.

ಅಮೆರಿಕದ ಬಂದರಿಂದ ಹೊರಡೋ ಹಡಗಾದ್ರೆ ಹಡಗು ಸಾರಿಗೆ ನೋಡಿಕೊಳ್ಳೋ ಅಲ್ಲಿನ ಸರ್ಕಾರಿ ಸಂಸ್ಥೆ ಫೆಡರಲ್ ಮ್ಯಾರಿಟೈಮ್ ಕಮಿಷನ್ನಿನ 2022ರ ನಿಯಮ ನಿಮ್ಮ ಕಡೆ ಇದೆ. ಕ್ರೂಸ್ ರದ್ದಾದರೆ ಅಥವಾ ಹೊರಡೋದು ಮೂರು ದಿನ ಇಲ್ಲವೇ ಅದಕ್ಕಿಂತ ತಡವಾದರೆ ಪೂರ್ತಿ ದುಡ್ಡು ಕೇಳೋ ಹಕ್ಕಿದೆ, ರದ್ದಾದಾಗ 60 ದಿನದೊಳಗೆ ಕೊಡಬೇಕು. ಸಿಂಗಪುರದಿಂದಲೋ ಬಾರ್ಸಿಲೋನಾದಿಂದಲೋ ಹತ್ತೋ ಹಡಗಿಗೆ ಇದು ಅನ್ವಯಿಸಲ್ಲ, ಕಂಪನಿ ಅಮೆರಿಕದ್ದೇ ಆದ್ರೂ. ಹಡಗು ಹೊರಟು ನಡುವೆ ಒಂದು ಬಂದರನ್ನ ಬಿಟ್ಟರೆ ಅದು ರದ್ದಲ್ಲ. ಟಿಕೆಟ್ ಒಪ್ಪಂದದ ಪ್ರಕಾರ ಸಾಮಾನ್ಯವಾಗಿ ಆ ಬಂದರಿನ ತೆರಿಗೆ-ಶುಲ್ಕ ಮಾತ್ರ ವಾಪಸ್, ಜಗಳ ಆಡಿ ಗಂಟಲು ನೋಯಿಸ್ಕೋಬೇಡಿ.

ಕಂಪನಿ ಎಳೆದಾಡಿದ್ರೆ ಕಾರ್ಡಿನವರಿಗೆ ಡಿಸ್ಪ್ಯೂಟ್ ಹಾಕಿ, ಅಂದ್ರೆ ಸೇವೆ ಸಿಗಲಿಲ್ಲ, ದುಡ್ಡು ವಾಪಸ್ ಕೊಡಿಸಿ ಅಂತ ದೂರು. ವೀಸಾ ಕಾರ್ಡಿನ ನಿಯಮದಲ್ಲಿ ಸೇವೆ ಸಿಗಬೇಕಿದ್ದ ದಿನದಿಂದ 120 ದಿನ ಸಮಯ ಇದೆ. ಮೊದಲ ವಾರವೇ ಹಾಕಿದ್ರೆ ಕಂಪನಿ "ರೀಫಂಡ್ ಪ್ರೊಸೆಸ್ ಆಗ್ತಿದೆ" ಅಂತ ಉತ್ತರ ಕೊಟ್ಟು ನಿಮ್ಮ ಕೇಸನ್ನ ಮುಗಿಸುತ್ತೆ. 120 ಮುಗಿಯೋವರೆಗೆ ಕಾದ್ರೆ ಬ್ಯಾಂಕು ಮುಗಿಸುತ್ತೆ. ಲಿಖಿತವಾಗಿ ಕೇಳಿ, ಅವರು ಹೇಳಿದ ಗಡುವು ದಾಟಿದ ಮಾರನೇ ದಿನ ಹಾಕೋದು ಸರಿಯಾದ ಹೊತ್ತು. ರದ್ದಾದ ಇಮೇಲು, ನೀವು ನಗದು ಆಯ್ದ ಪುಟದ ಸ್ಕ್ರೀನ್‌ಶಾಟು, ಆ ಹಾಳೆ ಜೊತೆಗಿರಲಿ. ಕ್ರೆಡಿಟ್ ಒಪ್ಪಿಕೊಂಡ ಮೇಲೆ ಡಿಸ್ಪ್ಯೂಟ್ ಹಾಕಿದ್ರೆ ಸೋಲೋದು ಹೆಚ್ಚುಕಡಿಮೆ ಖಚಿತ. ಇನ್ಶೂರೆನ್ಸೂ ಅಷ್ಟೇ, "ಪರಿಹಾರ ಆಗಲೇ ತಗೊಂಡಿದ್ದೀರಲ್ಲ" ಅಂತ ಕೈ ಎತ್ತೋ ಸಾಧ್ಯತೆ ಜಾಸ್ತಿ. ನೋಡಿ, ಒಂದು ಗುಂಡಿ ಒತ್ತಿ ಎಷ್ಟು ಬಾಗಿಲು ಮುಚ್ಚಿಸ್ಕೊಂಡ್ವಿ ಅಂತ.

ಹಡಗಿಗೆ ಅಂತ ಬೇರೆಯಾಗಿ ತಗೊಂಡ ವಿಮಾನದ ಟಿಕೆಟ್ಟು? ಹಡಗು ರದ್ದಾಯ್ತು ಅಂತ ವಿಮಾನ ಕಂಪನಿ ದುಡ್ಡು ಕೊಡಲ್ಲ, ಅವರ ವಿಮಾನ ಹಾರ್ತಾ ಇದೆಯಲ್ಲ. ಅಲ್ಲಿ ಸಿಗೋದೂ ಸಾಮಾನ್ಯವಾಗಿ ಕ್ರೆಡಿಟ್ಟೇ. ಅದರ ಅವಧಿ ಬಹಳ ಕಡೆ ಟಿಕೆಟ್ ಕೊಂಡ ದಿನದಿಂದ ಲೆಕ್ಕ, ರದ್ದು ಮಾಡಿದ ದಿನದಿಂದ ಅಲ್ಲ.

ಲಂಡನ್ ಕಡೆ ಇರೋರು ಪುಣ್ಯವಂತರು. ಅಲ್ಲಿ ಕ್ರೂಸ್ ಸಾಮಾನ್ಯವಾಗಿ ಪ್ಯಾಕೇಜ್ ಪ್ರವಾಸದ ಲೆಕ್ಕ, 2018ರ ನಿಯಮದಂತೆ ಸಂಘಟಕರೇ ರದ್ದು ಮಾಡಿದ್ರೆ 14 ದಿನದೊಳಗೆ ದುಡ್ಡು. ಕ್ರೆಡಿಟ್ ಕಾರ್ಡಲ್ಲಿ ಕಟ್ಟಿದ್ರೆ 1974ರ ಗ್ರಾಹಕ ಸಾಲ ಕಾನೂನಿನ 75ನೇ ಸೆಕ್ಷನ್ ಇದೆ, ನೂರು ಪೌಂಡಿಗಿಂತ ಹೆಚ್ಚಿನ, ಮೂವತ್ತು ಸಾವಿರ ಪೌಂಡಿನವರೆಗಿನ ಖರೀದಿಗೆ ಬ್ಯಾಂಕೂ ಹೊಣೆ.

ಬೆಂಗಳೂರಲ್ಲಿ ಕೂತು ಸಿಂಗಪುರ ಕ್ರೂಸ್ ಬುಕ್ ಮಾಡೋರಿಗೆ ಬೇರೆ ತಲೆನೋವು. ಏಜೆಂಟ್ ಖಾತೆಗೆ ಎನ್‌ಇಎಫ್‌ಟಿ ಮಾಡಿದ್ರೆ ಕಾರ್ಡಿನ ಡಿಸ್ಪ್ಯೂಟ್ ಅನ್ನೋ ದಾರಿಯೇ ಇಲ್ಲ. "ಕಾರ್ಡಾದ್ರೆ ಶೇ 2 ಎಕ್ಸ್‌ಟ್ರಾ ಸಾರ್" ಅಂತಾರೆ. ಕೊಟ್ಟುಬಿಡಿ, ಅದಕ್ಕಿಂತ ಅಗ್ಗದ ಇನ್ಶೂರೆನ್ಸ್ ಸಿಗಲ್ಲ. ಡಾಲರಲ್ಲಿ ಕಟ್ಟಿದ್ರೆ ವಾಪಸ್ ಬರೋದು ಅವತ್ತಿನ ವಿನಿಮಯ ದರದಲ್ಲಿ, ಕಟ್ಟುವಾಗ ಬ್ಯಾಂಕು ಕಿತ್ತುಕೊಂಡ ಫಾರೆಕ್ಸ್ ಮಾರ್ಕಪ್ಪು (ವಿದೇಶಿ ಹಣಕ್ಕೆ ಹಾಕೋ ಹೆಚ್ಚುವರಿ ಶುಲ್ಕ), ಅದರ ಮೇಲಿನ ಜಿಎಸ್‌ಟಿ ಸಾಮಾನ್ಯವಾಗಿ ಹೋದದ್ದೇ. ಪ್ಯಾಕೇಜಿನ ಮೇಲೆ ಟಿಸಿಎಸ್ (ಮಾರೋನೇ ಮೊದಲೇ ವಸೂಲಿ ಮಾಡೋ ಆದಾಯ ತೆರಿಗೆ) ಕಟ್ಟಿಸ್ಕೊಂಡಿದ್ರೆ ಅದು ನಿಮ್ಮ ಪ್ಯಾನ್ ಮೇಲೆ ತೆರಿಗೆ ಇಲಾಖೆಯ 26ಎಎಸ್ ಪಟ್ಟಿಯಲ್ಲಿ ಕಾಣಬೇಕು. ಏಜೆಂಟು ವಾಪಸ್ ಕೊಡದಿದ್ರೆ ರಿಟರ್ನ್ ಹಾಕುವಾಗ ಕ್ಲೇಮ್ ಮಾಡಿ. ಏನೂ ಬಗೆಹರಿಯದಿದ್ರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಫೋನು, ಆಮೇಲೆ ಜಿಲ್ಲಾ ಗ್ರಾಹಕರ ಆಯೋಗ. ನೀವಿರೋ ಜಿಲ್ಲೆಯಲ್ಲೇ ದೂರು ಕೊಡಬಹುದು, ಕೊಟ್ಟ ದುಡ್ಡು 5 ಲಕ್ಷ ಮೀರದಿದ್ರೆ ಶುಲ್ಕ ಇಲ್ಲ, ಎರಡು ವರ್ಷದೊಳಗೆ ಹಾಕಬೇಕು.

ಕ್ರೆಡಿಟ್ಟನ್ನೂ ನ್ಯಾಯವಾಗಿ ಕೊಡಬಹುದು ಅನ್ನೋದಕ್ಕೆ ಉದಾಹರಣೆ ನಮ್ಮಲ್ಲೇ ಇದೆ. ಲಾಕ್‌ಡೌನ್ ಸಮಯದ ವಿಮಾನ ಟಿಕೆಟ್‌ಗಳ ಬಗ್ಗೆ 2020ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ಹೇಳಿದ್ದು ನೆನಪಿದೆಯಾ? ದುಡ್ಡು ಕೊಡೋಕಾಗದ ವಿಮಾನ ಕಂಪನಿ ಕ್ರೆಡಿಟ್ ಶೆಲ್ ಕೊಡಲಿ, ಆದ್ರೆ ಅದರ ಮೌಲ್ಯ ಜೂನ್ 2020ರವರೆಗೆ ತಿಂಗಳಿಗೆ ಶೇ 0.5, ಆಮೇಲೆ ಶೇ 0.75ರಂತೆ ಬೆಳೀಬೇಕು. ಬೇರೆಯವರಿಗೆ ವರ್ಗ ಮಾಡಬಹುದು, ಯಾವ ಮಾರ್ಗಕ್ಕಾದ್ರೂ ಬಳಸಬಹುದು. 2021ರ ಮಾರ್ಚ್ 31ರೊಳಗೆ ಬಳಸದಿದ್ರೆ ನಗದು ವಾಪಸ್ ಕೊಡಬೇಕು. ಈ ಷರತ್ತಿನ ಕ್ರೆಡಿಟ್ ಕೊಡಿ, ನಾನೇ ಮೊದಲು ಚಪ್ಪಾಳೆ ಹೊಡೀತೀನಿ.

ವರ್ಷಕ್ಕೆರಡು ಸಲ ಅದೇ ಕಂಪನಿ ಹಡಗು ಹತ್ತೋರು, ಮುಂದಿನ ಕ್ರೂಸಿನ ತಾರೀಖು ಆಗಲೇ ಗೊತ್ತಿರೋರು ಕ್ರೆಡಿಟ್ ತಗೊಂಡ್ರೆ ತಪ್ಪಿಲ್ಲ ಅಂತ ಒಪ್ತೀನಿ. ನಿಮ್ಮಲ್ಲಿ ಎಷ್ಟು ಜನ ಹಾಗಿದ್ದೀರಿ, ಕೈ ಎತ್ತಿ. ಹಾಗೆ ತಗೊಂಡೋರೂ ಹೊಸ ಬುಕಿಂಗನ್ನ ನೀವಾಗೇ ರದ್ದು ಮಾಡೋ ಮೊದಲು ಷರತ್ತು ಓದಿ. ಬೋನಸ್ ಭಾಗ ಮೊದಲು ಹೋಗಬಹುದು, ಕೊನೇ ಕಂತಿನ ದಿನ ದಾಟಿದ್ರೆ ದಂಡಕ್ಕೆ ಮೂಲದ ಕ್ರೆಡಿಟ್ಟೂ ಕರಗಬಹುದು.

ಸತ್ಯ ಹೇಳ್ತೀನಿ, ಇಷ್ಟೆಲ್ಲ ಗೊತ್ತಿದ್ದೂ "ಬೋನಸ್" ಅಂತ ದಪ್ಪಕ್ಷರ ಕಂಡ ಕೂಡಲೇ ನನ್ನ ಬೆರಳೂ ಅತ್ತಲೇ ಹೋಗುತ್ತೆ. ಅದಕ್ಕೇ ಇಷ್ಟು ಸಿಟ್ಟು.

ಆ ಗುಂಪಿನ ಗೆಳೆಯರೇ, ನೀವಿದನ್ನ ಓದ್ತಿದ್ರೆ ಇಮೇಲ್ ಮತ್ತೆ ತೆಗೆದು ನೋಡಿ. ಆಯ್ಕೆ ಬದಲಾಯಿಸೋಕೆ ಗಡುವು ಕೊಟ್ಟಿರಬಹುದು, ಇನ್ನೂ ಮುಗಿದಿರಲಿಕ್ಕಿಲ್ಲ. ಅಪ್ಪ-ಅಮ್ಮನ ಎರಡು ಹೆಸರಿಗಾದ್ರೂ ಇವತ್ತೇ ಫೋನ್ ಮಾಡಿ. ಬುಕಿಂಗ್ ನಂಬರು, ಪಾಸ್‌ಪೋರ್ಟಲ್ಲಿರೋ ಹಾಗೇ ಹೆಸರು, ಕಾರ್ಡಿನ ಕೊನೆ ನಾಲ್ಕಂಕಿ ಕೈಲಿಟ್ಕೊಂಡು ಕೂತ್ಕೊಳ್ಳಿ. ಕಾಫಿ ಫ್ಲಾಸ್ಕಲ್ಲಿ ಇಟ್ಕೊಳ್ಳಿ, ಹೋಲ್ಡ್ ಉದ್ದ ಇರುತ್ತೆ.