ಸಾಕಿದ ನೀಲಿಕಲ್ಲಿನ ಬಗ್ಗೆ ಸ್ಪಷ್ಟನೆ

ಸಾಕಿದ ನೀಲಿಕಲ್ಲಿಗೆ (ಉಪ್ಪುನೀರಿನಲ್ಲಿ ಬೆಳೆಯುವ, ತಿನ್ನುವ ಚಿಪ್ಪುಜೀವಿ) ರಾಸಾಯನಿಕ ಮೇವು ಹಾಕುತ್ತಾರೆ, ಅದಕ್ಕಾಗಿ ಅಳಿವೆಯ ದಂಡೆಯ ಕಾಂಡ್ಲಾ (ಮ್ಯಾಂಗ್ರೋವ್) ಕಾಡನ್ನೂ ಕಡಿಯುತ್ತಾರೆ ಎಂಬ ಸಂದೇಶವೊಂದು ವಾಸ್ಕೊ, ಮಡಗಾಂವ ಕಡೆಯ ಕನ್ನಡಿಗರ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಹರಿದಾಡುತ್ತಿದೆ. ಎರಡೂ ಮಾತು ಸರಿಯಲ್ಲ.

ನೀಲಿಕಲ್ಲಿಗೆ ಮೇವನ್ನೇ ಹಾಕುವುದಿಲ್ಲ. ಮಳೆಗಾಲ ಮುಗಿದು ಅಳಿವೆಯ ನೀರು ಮತ್ತೆ ಉಪ್ಪಾದ ಮೇಲೆ, ಎಳೆಯ ಚಿಪ್ಪುಗಳನ್ನು ಹಗ್ಗದ ಸುತ್ತ ಹರಡಿ, ತೆಳುವಾದ ಹತ್ತಿಬಟ್ಟೆಯಲ್ಲಿ ಸುತ್ತಿ ಹೊಲಿದು, ನೀರಿಗೆ ಇಳಿಬಿಡುತ್ತಾರೆ. ಕೆಲವು ದಿನಗಳಲ್ಲಿ ಬಟ್ಟೆ ಕೊಳೆತುಹೋಗುವ ಹೊತ್ತಿಗೆ ಅವು ತಮ್ಮದೇ ನಾರಿನಿಂದ ಹಗ್ಗಕ್ಕೆ ಅಂಟಿಕೊಂಡಿರುತ್ತವೆ, ಮುಂದೆ ನೀರನ್ನು ಸೋಸಿ ಅದರಲ್ಲಿನ ಸೂಕ್ಷ್ಮಜೀವಿಗಳನ್ನು ತಿಂದೇ ಬೆಳೆಯುತ್ತವೆ. ಇದಕ್ಕೆ ಕಾಂಡ್ಲಾ ಕಡಿಯುವ ಪ್ರಮೇಯವೇ ಬರುವುದಿಲ್ಲ. ಹಲವು ದೇಶಗಳಲ್ಲಿ ಕಾಂಡ್ಲಾ ಕಡಿದು ಮಾಡಿದ್ದು ಸಿಗಡಿ ಕೆರೆಗಳನ್ನು, ಮತ್ತು ಆ ಹಾನಿ ನಿಜವಾದದ್ದೇ. ನಮ್ಮಲ್ಲಿ ಕರಾವಳಿಯ ಇಂಥ ಸಾಕಣೆಯ ನಿಯಂತ್ರಣಕ್ಕೆಂದು 2005ರಲ್ಲಿ ಕಾಯ್ದೆಯೂ ಬಂದಿದೆ. ಮೀನುಮರಿಗಳಿಗೆ ಆಸರೆಯಾಗಿರುವ, ಗೋವಾದ ಮಾಂಡೋವಿ ನದಿಯ ಚೋಡಣ ದ್ವೀಪದಲ್ಲಿರುವಂಥ ಕಾಂಡ್ಲಾ ಕಾಡುಗಳನ್ನು ಉಳಿಸಿ ಬೆಳೆಸುವ ಕೆಲಸಕ್ಕೆ ನೀಲಿಕಲ್ಲಿನ ಸಾಕಣೆ ಅಡ್ಡಿಯಲ್ಲ.

ಆದರೆ ಒಂದು ಎಚ್ಚರ ಅಗತ್ಯ. ಕೊಳಚೆ ಸೇರುವ ನೀರಿನಲ್ಲಿ ಬೆಳೆದ ಚಿಪ್ಪು, ಸಾಕಿದ್ದಾಗಲಿ ಬಂಡೆಯಿಂದ ಕಿತ್ತದ್ದಾಗಲಿ, ರೋಗಾಣುಗಳನ್ನೂ ಭಾರಲೋಹಗಳನ್ನೂ ತನ್ನೊಳಗೆ ಸೇರಿಸಿಕೊಳ್ಳುತ್ತದೆ. ಆದ್ದರಿಂದ ಕೊಳ್ಳುವವರು ಅದು ಯಾವ ನೀರಿನದೆಂದು ಮೊದಲು ವಿಚಾರಿಸಬೇಕು.